‘ದ ವೆಲ್ ಆಫ್ ಲೋನ್ಲಿನೆಸ್’: ಒಂದೇ ಕಾದಂಬರಿಗೆ ಇಷ್ಟೊಂದು ಬೇರೆ ಬೇರೆ ತೀರ್ಪುಗಳು ಬಂದದ್ದೇಕೆ?

ಶರಾವತಿ_ಓದುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರ‍್ಯಾಡ್‌ಕ್ಲಿಫ್ ಹಾಲ್ ಅವರ ‘ದ ವೆಲ್ ಆಫ್ ಲೋನ್ಲಿನೆಸ್’ ಕುರಿತು ನಮ್ಮ ವಿಭಾಗದ ವಿಚಾರ ಸಂಕಿರಣದಲ್ಲಿ ಕನ್ನಡದಲ್ಲಿ ಪ್ರಬಂಧ ಮಂಡಿಸಬೇಕಾಗಿದೆ. 1928ರ ಜುಲೈ 27ರಂದು ಲಂಡನ್ನಿನ ಜೊನಾಥನ್ ಕೇಪ್ ಸಂಸ್ಥೆ ಹೊರತಂದ ಈ ಕಾದಂಬರಿಯನ್ನು ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ನ್ಯಾಯಾಲಯ ಅಶ್ಲೀಲವೆಂದು ತೀರ್ಮಾನಿಸಿ, ಪ್ರತಿಗಳನ್ನು ನಾಶಮಾಡಲು ಆಜ್ಞೆ ಹೊರಡಿಸಿದ ಸಂಗತಿ ಇಲ್ಲಿ ಹಲವರಿಗೆ ಗೊತ್ತಿರುತ್ತದೆ. ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ವೂಸ್ಟರ್‌ಶೈರಿನ ಮಾರ್ಟನ್ ಎಂಬ ದೊಡ್ಡ ಮನೆಯಲ್ಲಿ, ಗಂಡುಮಗುವನ್ನೇ ಬಯಸಿ ಗಂಡುಹೆಸರನ್ನೇ ಆರಿಸಿಟ್ಟಿದ್ದ ತಂದೆತಾಯಿಗೆ ಸ್ಟೀಫನ್ ಗಾರ್ಡನ್ ಎಂಬ ಹೆಣ್ಣುಮಗು ಹುಟ್ಟುತ್ತದೆ. ಅವಳು ಬೆಳೆದು, ಹೆಂಗಸರನ್ನು ಪ್ರೀತಿಸಿ, ತಾಯಿಯ ತಿರಸ್ಕಾರಕ್ಕೆ ಗುರಿಯಾಗಿ ಮನೆ ಬಿಡುತ್ತಾಳೆ. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಓಡಿಸುತ್ತಾಳೆ, ಪ್ಯಾರಿಸ್ಸಿನಲ್ಲಿ ಮೇರಿ ಲೆವೆಲಿನ್ ಎಂಬಾಕೆಯೊಂದಿಗೆ ಸಂಸಾರ ಹೂಡುತ್ತಾಳೆ, ಕಡೆಗೆ ಮೇರಿಯ ಒಳಿತಿಗೆಂದು ಅವಳನ್ನು ಒಬ್ಬ ಗಂಡಸಿನ ಬಳಿಗೆ ತಾನೇ ಕಳುಹಿಸಿಕೊಟ್ಟು ಒಂಟಿಯಾಗುತ್ತಾಳೆ.

ನನ್ನ ತೊಡಕು ಕಥೆಯದಲ್ಲ, ವಿಮರ್ಶೆಯದು. 1928ರಲ್ಲಿ ಸಿರಿಲ್ ಕಾನಲಿ, ಇದನ್ನು ಬರೆಯುವುದಕ್ಕೆ ಧೈರ್ಯ ಬೇಕಾಗಿತ್ತು, ಆದರೆ ಇದಕ್ಕಿಂತ ಉತ್ತಮವಾದ ಪುಸ್ತಕಕ್ಕೆ ಇದು ದಾರಿಯಾಗಲಿ ಎಂದರು. 1975ರಲ್ಲಿ ಜೇನ್ ರೂಲ್, ಓದುವ ಅಭ್ಯಾಸವುಳ್ಳ ಯಾವುದೇ ಲೆಸ್ಬಿಯನ್ ಮಹಿಳೆಗೆ ಇದು ಬೈಬಲ್ ಆಗಿರುತ್ತದೆ, ಇಲ್ಲವೇ ಭಯಾನಕ ಕಥೆಯಾಗಿರುತ್ತದೆ ಎಂದರು. 1981ರಲ್ಲಿ ಕ್ಯಾಥರಿನ್ ಸ್ಟಿಂಪ್ಸನ್ ಇದನ್ನು ಶಾಪಗ್ರಸ್ತತೆಯ ಕಥನವೆಂದು ಕರೆದರು. 1998ರಲ್ಲಿ ಜೇ ಪ್ರಾಸರ್, ಸ್ಟೀಫನ್ ಲೆಸ್ಬಿಯನ್ನೇ ಅಲ್ಲ, ಟ್ರಾನ್ಸ್ ವ್ಯಕ್ತಿ ಎಂದು ವಾದಿಸಿದರು. ಇವರೆಲ್ಲ ಒಂದೇ ಪುಸ್ತಕವನ್ನು ಓದಿದ್ದಾರೆಯೇ ಎಂಬ ಅನುಮಾನ ನನಗೆ ನಿಜವಾಗಿಯೂ ಬಂದಿದೆ.

ಪ್ರಬಂಧಕ್ಕಾಗಿ ಕೆಲವು ಪುಟಗಳನ್ನು ಅನುವಾದಿಸಿದಾಗ ತೊಡಕು ಇನ್ನೂ ಹೆಚ್ಚಿತು. ಕಾದಂಬರಿ ಬಳಸುವ ‘ಇನ್ವರ್ಟ್’ (ಅಕ್ಷರಶಃ, ತಿರುವುಮುರುವಾದ ವ್ಯಕ್ತಿ) ಎಂಬ ಪದಕ್ಕೆ ನಾನು ‘ಸಲಿಂಗಿ’ ಎಂದು ಬರೆದಿದ್ದೆ. ಮಾರ್ಗದರ್ಶಕರು ಆ ಪದದ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಅಂಚಿನಲ್ಲಿ ‘ಇದು ಯಾರ ಓದು?’ ಎಂದು ಬರೆದು ಹಿಂದಿರುಗಿಸಿದ್ದಾರೆ. ಹೀಗಾಗಿ ನಾನು ಕೇಳುವುದು ಎರಡು ವಿಷಯ. ಕಾದಂಬರಿ ಕಳಪೆಯಾಗಿದೆ ಎಂಬ ಹಳೆಯ ಆಕ್ಷೇಪ ಪ್ರಾಮಾಣಿಕವಾದದ್ದೋ, ವಸ್ತುವಿನ ಮೇಲಿನ ಅಸಹನೆ ಹಾಗೆ ವೇಷ ತೊಟ್ಟಿತ್ತೋ? ಆ ಪದವನ್ನು ನಾನು ಏನು ಮಾಡಲಿ?

ಹಳೇ_ಮೇಷ್ಟ್ರು

ಶರಾವತಿಯವರೇ, ನಿಮ್ಮ ಮಾರ್ಗದರ್ಶಕರು ಕೇಳಿದ್ದು ಸರಿಯಾದ ಪ್ರಶ್ನೆ. ಪದದ ವಿಚಾರವನ್ನು ನನಗಿಂತ ಬಲ್ಲವರಿಗೆ ಬಿಟ್ಟು ಮೊದಲನೆಯದಕ್ಕೆ ಉತ್ತರಿಸುತ್ತೇನೆ. ಮೂರು ದಶಕ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವನಾಗಿ ಈ ಪುಸ್ತಕಕ್ಕೆ ಆದ ಅನ್ಯಾಯ ನನ್ನನ್ನು ಬಹಳ ಕಾಲದಿಂದ ಕಾಡಿದೆ.

1928ರ ಬೇಸಿಗೆಯ ತಾರೀಖುಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಪುಸ್ತಕ ಬಂದದ್ದು ಜುಲೈ 27ಕ್ಕೆ. ಜೇಮ್ಸ್ ಡಗ್ಲಸ್ ‘ಸಂಡೇ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ, ಆರೋಗ್ಯವಂತ ಹುಡುಗ ಅಥವಾ ಹುಡುಗಿಯ ಕೈಗೆ ಈ ಕಾದಂಬರಿ ಕೊಡುವುದಕ್ಕಿಂತ ಪ್ರಸಿಕ್ ಆಸಿಡ್ಡಿನ ಸೀಸೆ ಕೊಡುವುದು ಮೇಲು ಎಂಬ ಆ ಕುಖ್ಯಾತ ಸಂಪಾದಕೀಯ ಬರೆದದ್ದು ಆಗಸ್ಟ್ 19ಕ್ಕೆ. ನಡುವಿನ ಮೂರು ವಾರಗಳಲ್ಲಿ ಪುಸ್ತಕವನ್ನು ಯಾರೂ ವಿಷವೆಂದು ಕರೆಯಲಿಲ್ಲ, ಕಾದಂಬರಿಯೆಂದೇ ಓದಿದರು. ಹಾಲ್ ಆಗ ಅಪರಿಚಿತ ಲೇಖಕಿಯೂ ಆಗಿರಲಿಲ್ಲ. ಅವರ ಹಿಂದಿನ ಕಾದಂಬರಿ ‘ಆಡಮ್ಸ್ ಬ್ರೀಡ್’ಗೆ ಫೆಮಿನಾ ಬಹುಮಾನವೂ ಜೇಮ್ಸ್ ಟೇಟ್ ಬ್ಲ್ಯಾಕ್ ಬಹುಮಾನವೂ ಬಂದಿದ್ದವು. ಲೇಖಕಿ ವರ್ಜೀನಿಯಾ ವುಲ್ಫ್ ಅವರ ಪತಿ ಲೆನರ್ಡ್ ವುಲ್ಫ್ ಆಗಸ್ಟ್ ಮೊದಲ ವಾರದಲ್ಲೇ ವಿಮರ್ಶೆ ಬರೆದು, ವಸ್ತುವಿನ ಬಗ್ಗೆ ಕಿಂಚಿತ್ತೂ ಹೌಹಾರದೆ, ಕಲಾಕೃತಿಯಾಗಿ ಇದು ಸೋತಿದೆ ಎಂದರು. ‘ಟೈಮ್ ಅಂಡ್ ಟೈಡ್’ ಪತ್ರಿಕೆಯಲ್ಲಿ ವೆರಾ ಬ್ರಿಟನ್ ಮನಸಾರೆ ಮೆಚ್ಚಿದರು. ಜೊತೆಗೆ, ಸ್ಟೀಫನ್‌ಳ ಸಂಕಟದಲ್ಲಿ ಹುಟ್ಟುಗುಣದ ಪಾಲೆಷ್ಟು, ಗಂಡುಹೆಣ್ಣಿನ ಭೇದವನ್ನು ಅತಿಯಾಗಿ ಒತ್ತುವ ಪಾಲನೆಯ ಪಾಲೆಷ್ಟು ಎಂಬ ಪ್ರಶ್ನೆಯನ್ನೂ ಎತ್ತಿದರು. ಐವತ್ತು ವರ್ಷಗಳ ಬಳಿಕ ಸ್ತ್ರೀವಾದಿಗಳು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಒಳ್ಳೆಯ ವಿಮರ್ಶೆ ಚಿಗುರುತ್ತಿತ್ತು ಎಂದು ಹೇಳಲು ಇಷ್ಟು ಸಾಕು.

ಆಮೇಲೆ ಡಗ್ಲಸ್ ಬಂದರು. ಪ್ರಕಾಶಕ ಕೇಪ್ ತಾನಾಗಿಯೇ ಪುಸ್ತಕವನ್ನು ಗೃಹಮಂತ್ರಿ ಜಾಯ್ನ್‌ಸನ್-ಹಿಕ್ಸ್ ಅವರ ಮುಂದಿಟ್ಟರು. ಹಿಂತೆಗೆದುಕೊಳ್ಳುವಂತೆ ಅವರು ಸೂಚಿಸಿದರು. ಕೇಪ್ ಲಂಡನ್ನಿನಲ್ಲಿ ಅಚ್ಚು ನಿಲ್ಲಿಸಿ, ಮುದ್ರಣದ ಪಡಿಯಚ್ಚುಗಳನ್ನು ಪ್ಯಾರಿಸ್ಸಿನ ಪೆಗಾಸಸ್ ಪ್ರೆಸ್ಸಿಗೆ ಕಳುಹಿಸಿದರು. ಅಲ್ಲಿಂದ ಇಂಗ್ಲೆಂಡಿಗೆ ಬಂದ ಪ್ರತಿಗಳನ್ನು ಪೊಲೀಸರು ವಶಪಡಿಸಿಕೊಂಡರು. ನವೆಂಬರ್ 9ರಂದು ಲಂಡನ್ನಿನ ಬೋ ಸ್ಟ್ರೀಟ್ ನ್ಯಾಯಾಲಯದಲ್ಲಿ ಮುಖ್ಯ ಮ್ಯಾಜಿಸ್ಟ್ರೇಟ್ ಸರ್ ಚಾರ್ಟರ್ಸ್ ಬೈರನ್ ಅವರ ಮುಂದೆ ವಿಚಾರಣೆ ನಡೆಯಿತು. ವರ್ಜೀನಿಯಾ ವುಲ್ಫ್, ಇ. ಎಂ. ಫಾರ್ಸ್ಟರ್ ಸೇರಿ ಸುಮಾರು 40 ಮಂದಿ ಪುಸ್ತಕದ ಪರ ಸಾಕ್ಷಿ ಹೇಳಲು ಬಂದು ಕುಳಿತಿದ್ದರು. ಮೊದಲು ಕಟಕಟೆ ಹತ್ತಿದವರು ವಿಮರ್ಶಕ ಡೆಸ್ಮಂಡ್ ಮೆಕಾರ್ಥಿ. ಪುಸ್ತಕ ಅಶ್ಲೀಲವೇ ಎಂದು ಅವರನ್ನು ಕೇಳುತ್ತಿದ್ದಂತೆಯೇ ಮ್ಯಾಜಿಸ್ಟ್ರೇಟರು ತಡೆದು, ಅದು ತಾವು ತೀರ್ಮಾನಿಸಬೇಕಾದ ವಿಷಯ, ಬೇರೆಯವರ ಅಭಿಪ್ರಾಯಕ್ಕೆ ಇಲ್ಲಿ ಜಾಗವಿಲ್ಲ ಎಂದರು. ಉಳಿದವರೆಲ್ಲ ಬಾಯಿ ತೆರೆಯದೆ ಮನೆಗೆ ಹೋದರು. ಮೊಕದ್ದಮೆ ಇದ್ದದ್ದು ಪುಸ್ತಕದ ಮೇಲಾದ್ದರಿಂದ ಹಾಲ್ ಅವರಿಗೂ ಮಾತಾಡುವ ಹಕ್ಕಿರಲಿಲ್ಲ. ನವೆಂಬರ್ 16ರಂದು ತೀರ್ಪು ಓದುವಾಗ ಯುದ್ಧಭೂಮಿಯ ಆಂಬುಲೆನ್ಸ್ ಹೆಂಗಸರ ಪ್ರಸ್ತಾಪ ಬಂತು. ಹಾಲ್ ಸುಮ್ಮನಿರಲಾರದೆ ಪ್ರತಿಭಟಿಸಿದರು. ಹೊರಗೆ ಹಾಕಿಸಬೇಕಾದೀತು ಎಂದು ಮ್ಯಾಜಿಸ್ಟ್ರೇಟರು ಎಚ್ಚರಿಸಿದರು.

ವಿಮರ್ಶೆಯ ದೃಷ್ಟಿಯಿಂದ ನಿಜವಾದ ನಷ್ಟ ಆದದ್ದು ಇಲ್ಲಿ ಎಂಬುದು ನನ್ನ ನಂಬಿಕೆ. ವರ್ಜೀನಿಯಾ ವುಲ್ಫ್ ಖಾಸಗಿಯಾಗಿ ಈ ಕಾದಂಬರಿಯನ್ನು ನೀರಸವೆಂದೇ ಭಾವಿಸಿದ್ದರು. ಅವರೂ ಫಾರ್ಸ್ಟರ್ ಅವರೂ ಸೇರಿ ಸೆಪ್ಟೆಂಬರ್ 8ರ ‘ನೇಷನ್ ಅಂಡ್ ಅಥೀನಿಯಂ’ನಲ್ಲಿ ಸೆನ್ಸಾರ್‌ಶಿಪ್ಪಿನ ವಿರುದ್ಧ ಪತ್ರ ಪ್ರಕಟಿಸಿದರು. ಬರಿಯ ವಾಕ್‌ಸ್ವಾತಂತ್ರ್ಯದ ಮಾತು ಸಾಲದು, ಪುಸ್ತಕದ ಕಲಾಮೌಲ್ಯವನ್ನೂ ಎತ್ತಿಹಿಡಿಯಬೇಕು ಎಂದು ಹಾಲ್ ಪಟ್ಟುಹಿಡಿದಿದ್ದರಿಂದ ಬೇರೊಂದು ಸಾಮೂಹಿಕ ಪ್ರತಿಭಟನಾಪತ್ರದ ಯೋಜನೆ ಮುರಿದುಬಿತ್ತು. ತಜ್ಞರ ಸಾಕ್ಷ್ಯ ಬೇಡವೆಂದು ನಿರ್ಧಾರವಾದಾಗ ತಮಗೆ ನಿರಾಳವಾಯಿತೆಂದು ವುಲ್ಫ್ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಮರುವರ್ಷ ಬಂದ ‘ಎ ರೂಮ್ ಆಫ್ ಒನ್ಸ್ ಓನ್’ನಲ್ಲಿ, ಕ್ಲೋಯಿ ಎಂಬ ಹೆಂಗಸಿಗೆ ಒಲಿವಿಯಾ ಎಂಬ ಹೆಂಗಸು ಇಷ್ಟವಾಗಿದ್ದಳು ಎಂದು ಹೇಳುವ ಮುಂಚೆ ಅವರು, ಆ ಕೆಂಪು ಪರದೆಯ ಹಿಂದೆ ಸರ್ ಚಾರ್ಟರ್ಸ್ ಬೈರನ್ ಅಡಗಿಲ್ಲವಷ್ಟೇ ಎಂದು ಕೇಳಿಕೊಳ್ಳುತ್ತಾರೆ. ಹೀಗೆ, ಪುಸ್ತಕವನ್ನು ಬೆಂಬಲಿಸುತ್ತಿದ್ದವರು ಅದರ ದೋಷವನ್ನು ಬಹಿರಂಗವಾಗಿ ಹೇಳಿದರೆ ಶತ್ರುವಿನ ಕೈಗೆ ಕೋಲು ಕೊಟ್ಟಂತಾಗುತ್ತಿತ್ತು. ಹೇಳದಿದ್ದರೆ ತಮ್ಮ ವಿವೇಕಕ್ಕೆ ದ್ರೋಹವಾಗುತ್ತಿತ್ತು. ಕಳಪೆ ಎಂಬ ಆಕ್ಷೇಪ ಕಾನಲಿ ಮತ್ತು ವುಲ್ಫ್ ದಂಪತಿಗಳ ಮಟ್ಟಿಗೆ ಪ್ರಾಮಾಣಿಕವೇ. ಅದು ಅಲ್ಲಿಂದ ಮುಂದೆ ಬೆಳೆಯದೆ, ಉದಾಹರಣೆ ಹಿಡಿದು ಚರ್ಚೆಯಾಗದೆ, ಕೈಯಿಂದ ಕೈಗೆ ಸಾಗುವ ಸಿದ್ಧ ಮಾತಾಗಿ ಉಳಿಯಿತು. ಕಾದಂಬರಿಯಾಗಿ ಅದರ ಗಂಭೀರ ವಿಮರ್ಶೆ ಮತ್ತೆ ಆರಂಭವಾಗಲು 1970ರ ದಶಕ ಬರಬೇಕಾಯಿತು.

ನ್ಯಾಯದ_ಹಾದಿ

ಮೇಷ್ಟ್ರು ಹೇಳಿದ ವಿಚಾರಣೆಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಆ ಎಳೆ ನಮ್ಮ ನ್ಯಾಯಾಲಯಗಳವರೆಗೂ ಬಂದಿದೆ.

ಬೈರನ್ ಅನ್ವಯಿಸಿದ್ದು 1857ರ ಅಶ್ಲೀಲ ಪ್ರಕಟಣೆಗಳ ಕಾಯಿದೆಯನ್ನು ಮತ್ತು 1868ರ ಹಿಕ್ಲಿನ್ ಪ್ರಕರಣದಲ್ಲಿ ಹಾಕಿಕೊಟ್ಟ ಒರೆಗಲ್ಲನ್ನು. ಇಂಥ ದುಷ್ಪ್ರಭಾವಕ್ಕೆ ಮನಸ್ಸು ತೆರೆದಿರುವವರನ್ನು ಕೆಡಿಸುವ ಪ್ರವೃತ್ತಿ ಬರಹಕ್ಕೆ ಇದೆಯೇ ಎಂಬುದೊಂದೇ ಅಲ್ಲಿನ ಪ್ರಶ್ನೆ. ಲೇಖಕರ ಉದ್ದೇಶವಾಗಲಿ ಸಾಹಿತ್ಯಗುಣವಾಗಲಿ ಲೆಕ್ಕಕ್ಕಿಲ್ಲ. ಇಂಗ್ಲೆಂಡಿನಲ್ಲಿ ಹೆಂಗಸರಿಬ್ಬರ ಸಂಬಂಧ ಆಗಲೂ ಅಪರಾಧವಾಗಿರಲಿಲ್ಲ, ಅದನ್ನು ಅಪರಾಧವಾಗಿಸುವ ಪ್ರಯತ್ನ 1921ರಲ್ಲಿ ಪಾರ್ಲಿಮೆಂಟಿನಲ್ಲಿ ಬಿದ್ದುಹೋಗಿತ್ತು ಎಂಬುದನ್ನು ನೆನಪಿಡಬೇಕು. ಪುಸ್ತಕದಲ್ಲಿ ಶೃಂಗಾರವೂ ನೆಪಮಾತ್ರಕ್ಕೆ: ಆ ರಾತ್ರಿ ಅವರು ಬೇರೆಯಾಗಲಿಲ್ಲ ಎಂಬ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ವಸ್ತು ಇದಾಗಿರುವುದರಿಂದಲೇ ಪುಸ್ತಕ ಅಶ್ಲೀಲವಾಗದು ಎಂದು ಮ್ಯಾಜಿಸ್ಟ್ರೇಟರೇ ಒಪ್ಪಿದರು. ಅವರನ್ನು ಕೆರಳಿಸಿದ್ದು, ಇಂಥ ಹೆಂಗಸರು ತಪ್ಪಿತಸ್ಥರೆಂದು ಹೇಳುವ ಒಂದೇ ಒಂದು ಮಾತೂ ಪುಸ್ತಕದಲ್ಲಿ ಇಲ್ಲದಿದ್ದುದು. ಪಾತ್ರಗಳಿಗೆ ಗೌರವ ಕೊಟ್ಟದ್ದೇ ಅಪರಾಧವಾಯಿತು. ಪ್ರಕಾಶಕರ ವಕೀಲ ನಾರ್ಮನ್ ಬರ್ಕೆಟ್ ಅವರು, ಪುಸ್ತಕದಲ್ಲಿರುವುದು ಬರಿಯ ಗೆಳೆತನ ಎಂದು ವಾದಿಸಿ ಪಾರಾಗಲು ನೋಡಿದರು. ಊಟದ ವಿರಾಮದಲ್ಲಿ ಹಾಲ್ ಅದನ್ನು ತೀವ್ರವಾಗಿ ವಿರೋಧಿಸಿದ್ದರಿಂದ ಆ ವಾದವನ್ನು ಅವರು ಹಿಂತೆಗೆದುಕೊಳ್ಳಬೇಕಾಯಿತು. ಗೆಲ್ಲುವ ಸಾಧ್ಯತೆಗಿಂತ ಪುಸ್ತಕದ ಸತ್ಯ ದೊಡ್ಡದೆಂದು ನಿಂತ ಆ ಗಳಿಗೆಯನ್ನು ಒಬ್ಬ ವಕೀಲನಾಗಿ ನಾನು ಬಹಳ ಗೌರವಿಸುತ್ತೇನೆ.

ಅಮೆರಿಕದಲ್ಲಿ ಈ ಪುಸ್ತಕ ಪ್ರಕಟಿಸಿದ ಕೋವಿಚಿ-ಫ್ರೀಡ್ ಸಂಸ್ಥೆಯ ಮೇಲೆ 1929ರ ಜನವರಿಯಲ್ಲಿ ದಾಳಿಯಾಗಿ 865 ಪ್ರತಿಗಳು ಮುಟ್ಟುಗೋಲಾದವು. ಏಪ್ರಿಲ್ 19ರಂದು ಮೇಲಿನ ನ್ಯಾಯಾಲಯ ಪುಸ್ತಕವನ್ನು ಬಿಡುಗಡೆ ಮಾಡಿತು. ಇಂಗ್ಲೆಂಡಿನಲ್ಲಿ ಅದು ಮತ್ತೆ ಅಚ್ಚಾದದ್ದು 1949ರಲ್ಲಿ, ಹಾಲ್ ತೀರಿಕೊಂಡು ಆರು ವರ್ಷಗಳಾದ ಮೇಲೆ. ತಜ್ಞರ ಸಾಕ್ಷ್ಯಕ್ಕೆ ಅಲ್ಲಿ ಅವಕಾಶ ಸಿಕ್ಕಿದ್ದು 1959ರ ಹೊಸ ಕಾಯಿದೆಯಿಂದ. ನಮ್ಮಲ್ಲಿ 1964ರ ರಂಜಿತ್ ಉದೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ಹಿಕ್ಲಿನ್ ಒರೆಗಲ್ಲನ್ನು ಎತ್ತಿಹಿಡಿಯಿತು. ಅದನ್ನು ಸ್ಪಷ್ಟವಾಗಿ ಕೈಬಿಟ್ಟದ್ದು 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ. ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ ಅವರನ್ನು, ಹೆಂಗಸರಿಬ್ಬರ ಸಂಬಂಧವನ್ನು ಸೂಚಿಸುವ 1942ರ ‘ಲಿಹಾಫ್’ ಕಥೆಗಾಗಿ ಲಾಹೋರಿನ ನ್ಯಾಯಾಲಯಕ್ಕೆ ಎಳೆದದ್ದೂ ಇದೇ ಅಶ್ಲೀಲತೆಯ ಕಾನೂನಿನಡಿಯಲ್ಲಿ. ಅವರು ಗೆದ್ದರು.

ಬೆಳಗಿನ_ಮಳೆ

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಒಂದನ್ನು ಮಾತ್ರ ಒಪ್ಪಲಾರೆ. 1928ರಿಂದ 1970ರ ದಶಕದವರೆಗೆ ಈ ಪುಸ್ತಕದ ವಿಮರ್ಶೆ ನಿಂತುಹೋಗಿತ್ತು ಎನ್ನುವಾಗ ನೀವು ಪತ್ರಿಕೆಗಳ ವಿಮರ್ಶೆಯನ್ನಷ್ಟೇ ಎಣಿಸುತ್ತಿದ್ದೀರಿ. ಆ ಕಾಲದಲ್ಲಿ ಈ ಪುಸ್ತಕವನ್ನು ಹೆಂಗಸರು ಕದ್ದು, ಸುತ್ತಿಟ್ಟು, ಒಬ್ಬರಿಂದೊಬ್ಬರಿಗೆ ದಾಟಿಸಿ ಓದಿದ್ದಾರೆ. ಹಾಲ್ ಅವರಿಗೆ ರಾಶಿರಾಶಿ ಪತ್ರಗಳು ಬಂದವು. ತನ್ನ ಬದುಕಿಗೆ ಹೆಸರಿದೆಯೆಂದು ಇದನ್ನು ಓದಿ ಮೊದಲ ಬಾರಿಗೆ ತಿಳಿದುಕೊಂಡವಳ ಪತ್ರವೂ ವಿಮರ್ಶೆಯೇ ಎಂದು ನಾನು ಭಾವಿಸುತ್ತೇನೆ.

ನಾನು ಹೀಗೆ ಹೇಳಲು ಕಾರಣವಿದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೈಸೂರಿನ ಹಾಸ್ಟೆಲ್ ಕೋಣೆಯಲ್ಲಿ, ಗೆಳತಿಯೊಬ್ಬಳು ಎಲ್ಲಿಂದಲೋ ತಂದುಕೊಟ್ಟ ವಿರಾಗೋ ಪ್ರಕಾಶನದ ಹಸಿರು ಬೆನ್ನಿನ ಪ್ರತಿಯನ್ನು ನಾನು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದೆ. ವಿರಾಗೋದವರು ಇದನ್ನು 1982ರಲ್ಲಿ ತಮ್ಮ ಆಧುನಿಕ ಕ್ಲಾಸಿಕ್ ಮಾಲೆಗೆ ಸೇರಿಸಿದ್ದರು. ನನ್ನನ್ನು ಅಲುಗಾಡಿಸಿದ್ದು ಪ್ರೇಮದ ಪುಟಗಳಲ್ಲ, ಗ್ರಂಥಾಲಯದ ಪ್ರಸಂಗ. ತಾಯಿ ತಿರಸ್ಕರಿಸಿದ ಮೇಲೆ ಸ್ಟೀಫನ್ ತೀರಿಹೋದ ತಂದೆಯ ಓದುಕೋಣೆಗೆ ಹೋಗುತ್ತಾಳೆ. ಅವನು ಸದಾ ಬೀಗ ಹಾಕಿಡುತ್ತಿದ್ದ ಪುಸ್ತಕದ ಬೀರುವನ್ನು ತೆರೆಯುತ್ತಾಳೆ. ಕ್ರಾಫ್ಟ್-ಎಬಿಂಗ್ ಎಂಬ, ತಾನು ಎಂದೂ ಕೇಳಿರದ ವೈದ್ಯ ಲೇಖಕನ, ಲೈಂಗಿಕತೆಯ ಕುರಿತ ಪುಸ್ತಕ ಕೈಗೆ ಸಿಗುತ್ತದೆ. ಅದರ ಅಂಚುಗಳ ತುಂಬ ತಂದೆಯ ಸಣ್ಣ ಅಕ್ಷರಗಳು, ಆ ಅಕ್ಷರಗಳ ನಡುವೆ ತನ್ನದೇ ಹೆಸರು. ನಿನಗೆ ಗೊತ್ತಿತ್ತು, ಕರುಣೆಯಿಂದ ನನಗೆ ಹೇಳಲಿಲ್ಲ ಎಂದು ಅವಳು ಸತ್ತ ತಂದೆಯೊಡನೆ ಗಟ್ಟಿಯಾಗಿ ಮಾತಾಡುತ್ತಾಳೆ. ಆಮೇಲೆ ಬೈಬಲ್ ತೆರೆದರೆ, ತಮ್ಮನನ್ನು ಕೊಂದ ಕಾಯಿನನಿಗೆ ದೇವರು ಇಟ್ಟ ಗುರುತಿನ ಮಾತು. ಅವಳು ಕುಸಿದು ಕೂತಾಗ ಒಳಗೆ ಬರುವವರು ವಯಸ್ಸಾದ ಉಪಾಧ್ಯಾಯಿನಿ ಪಡಲ್. ನೀನು ಅಸಹಜಳಲ್ಲ, ಹುಚ್ಚಿಯಲ್ಲ, ನಿನಗೆ ಮಾಡಬೇಕಾದ ಕೆಲಸವಿದೆ, ಎದ್ದು ಮಾಡು ಎಂದು ಅವರು ಹೇಳುತ್ತಾರೆ. ನನಗೆ ಆ ವಯಸ್ಸಿನಲ್ಲಿ ಅಂಥ ಮಾತನ್ನು ಹೇಳುವವರು ಯಾರೂ ಇರಲಿಲ್ಲ.

ಹಾಗಿದ್ದೂ, ಪುಸ್ತಕ ಮುಚ್ಚಿದಾಗ ನನಗೆ ಸಿಟ್ಟೂ ಬಂದಿತ್ತು. ಮೇರಿಯನ್ನು ಒಂದು ಮಾತೂ ಕೇಳದೆ ಅವಳ ಬದುಕನ್ನು ಸ್ಟೀಫನ್ ಮತ್ತು, ಮೇರಿಯನ್ನು ಬಯಸಿದ ಆ ಗಂಡಸು ಮಾರ್ಟಿನ್, ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿಬಿಡುತ್ತಾರೆ. ಪ್ಯಾರಿಸ್ಸಿನ ಗೆಳತಿ ವ್ಯಾಲರಿ ಸೀಮೋರ್ ಜೊತೆ ತನಗೆ ಸಂಬಂಧವಿದೆಯೆಂದು ಸುಳ್ಳು ಹೇಳಿ ಅವಳನ್ನು ಓಡಿಸುವುದು ತ್ಯಾಗವೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಅದಕ್ಕೇ 1970ರ ದಶಕದ ಸ್ತ್ರೀವಾದಿ ವಿಮರ್ಶಕರ ಕೋಪ ನನಗೆ ಅರ್ಥವಾಗುತ್ತದೆ. ಹೆಂಗಸರು ಹೆಂಗಸರಾಗಿಯೇ ಹೆಂಗಸರನ್ನು ಪ್ರೀತಿಸಬಹುದು ಎಂದು ಅವರು ಬೀದಿಗಿಳಿದು ಹೇಳುತ್ತಿದ್ದ ಹೊತ್ತಿನಲ್ಲಿ, ಗಂಡಿನ ಉಡುಪು ತೊಟ್ಟು, ತನ್ನನ್ನು ತಾನೇ ದೇವರ ತಪ್ಪೆಂದು ಅಳುವ ನಾಯಕಿ ಅವರಿಗೆ ಎದುರಾದಳು. ಇಡೀ 1950ರ ದಶಕದಲ್ಲಿ ಸ್ಟೀಫನ್‌ಳ ಠೀವಿ, ಅವಳ ಬ್ರೀಚಸ್, ಕುದುರೆಗಳೊಡನೆ ಅವಳ ನಂಟು, ಇವನ್ನು ಬಿಟ್ಟು ತಮ್ಮಂಥವರ ಬಗ್ಗೆ ತಾವು ಬೇರೇನನ್ನೂ ಅರಿಯದೆ ಬೆಳೆದೆವು ಎಂದು ಬ್ಲಾಂಚ್ ವೀಸನ್ ಕುಕ್ 1979ರಲ್ಲಿ ಬರೆದದ್ದು ಈ ನೋವಿನಿಂದಲೇ. ಲಿಲಿಯನ್ ಫೇಡರ್‌ಮನ್ 1981ರಲ್ಲಿ, ಹೆಂಗಸರ ನಡುವೆ ಶತಮಾನಗಳಿಂದ ಇದ್ದ ಆಪ್ತ ಪ್ರೇಮವನ್ನು ಲೈಂಗಿಕ ವಿಜ್ಞಾನಿಗಳು ರೋಗವಾಗಿಸಿದರು, ಹಾಲ್ ಆ ರೋಗನಿರ್ಣಯವನ್ನು ಕಾದಂಬರಿಗೆ ಇಳಿಸಿದರು ಎಂದರು.

ನನ್ನ ಸಿಟ್ಟನ್ನೂ ನನ್ನ ಕೃತಜ್ಞತೆಯನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಕಲಿಸಿದ್ದು ಎಸ್ತರ್ ನ್ಯೂಟನ್ 1984ರಲ್ಲಿ ಬರೆದ ಪ್ರಬಂಧ. ಹಳೆಯ ತಲೆಮಾರಿನ ಆಪ್ತ ಸ್ನೇಹದಲ್ಲಿ ಹೆಂಗಸಿಗೆ ಕಾಮವೇ ಇಲ್ಲವೆಂದು ನಂಬಲಾಗಿತ್ತು, ಕಾಮವೆಂದರೆ ಗಂಡಸಿನದು. ತನಗೂ ಕಾಮವಿದೆಯೆಂದು ಹೇಳಲು ಹಾಲ್ ತಲೆಮಾರಿನ ಹೆಂಗಸಿಗೆ ಸಿಕ್ಕ ಒಂದೇ ಭಾಷೆ ವೈದ್ಯರು ಬರೆದ ಗಂಡುಬೀರಿಯ ಚಿತ್ರ. ಅದನ್ನೇ ಎತ್ತಿಕೊಂಡು ಹಾಲ್ ತಲೆಯೆತ್ತಿದರು ಎಂಬುದು ನ್ಯೂಟನ್ ವಾದ. ಗ್ರಂಥಾಲಯದ ಪ್ರಸಂಗವನ್ನು ಇದಾದ ಮೇಲೆ ಮತ್ತೆ ಓದಿದೆ. ವೈದ್ಯನ ಪುಸ್ತಕದ ಅಂಚಿನಲ್ಲಿ ತಂದೆ ಬರೆದಿದ್ದ ಹೆಸರು ಆ ಓದಿನಲ್ಲಿ ನನಗೆ ಬೇರೆಯಾಗಿ ಕಂಡಿತು.

ಹಾಳೆಯ_ಅಂಚು

ಶರಾವತಿಯವರ ಎರಡನೆಯ ಪ್ರಶ್ನೆಗೆ, ಅಂದರೆ ಪದಕ್ಕೆ, ಬರುತ್ತೇನೆ. ಬೆಳಗಿನ_ಮಳೆ ಅವರು ನ್ಯೂಟನ್ ಹೆಸರೆತ್ತಿದ್ದು ಒಳ್ಳೆಯದಾಯಿತು. 1990ರ ದಶಕದ ಚರ್ಚೆ ಬೆಳೆದದ್ದು ಆ ಬುಡದಿಂದಲೇ.

ನೀವು ಅನುವಾದಿಸಿದ ಪುಟಗಳಲ್ಲಿ ಕನ್ನಡಿಯ ಪ್ರಸಂಗ ಇದೆಯೇ? ಇಲ್ಲದಿದ್ದರೆ ಸೇರಿಸಿ. ಏಂಜೆಲಾ ಕ್ರಾಸ್ಬಿ ಎಂಬ ವಿವಾಹಿತೆಯ ಮೇಲಿನ ಪ್ರೀತಿ ಕೈಗೂಡದ ದಿನಗಳಲ್ಲಿ ಒಂದು ರಾತ್ರಿ ಸ್ಟೀಫನ್ ಕನ್ನಡಿಯಲ್ಲಿ ತನ್ನ ಮೈಯನ್ನು ನೋಡಿಕೊಳ್ಳುತ್ತಾಳೆ. ಬಲವಾದ ಹೆಗಲು, ಚಿಕ್ಕ ಸ್ತನಗಳು, ಕ್ರೀಡಾಪಟುವಿನಂಥ ಸಪೂರ ಸೊಂಟ. ಆ ಮೈಯನ್ನು ಅವಳು ದ್ವೇಷಿಸುತ್ತಾಳೆ. ಆತ್ಮಕ್ಕೆ ತೊಡಿಸಿದ ಬೇಡಿಯಂತೆ ಜೀವಮಾನವೆಲ್ಲ ಇದನ್ನು ಎಳೆದುಕೊಂಡು ತಿರುಗಬೇಕಲ್ಲ ಎಂದು ಸಂಕಟಪಡುತ್ತಾಳೆ. ಬಹಳ ಮಂದಿ ಉಲ್ಲೇಖಿಸುವುದು ಇಷ್ಟನ್ನೇ. ಮುಂದಿನ ಸಾಲುಗಳನ್ನು ಬಿಡುತ್ತಾರೆ. ದ್ವೇಷ ಮರುಕಕ್ಕೆ ತಿರುಗುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ, ಅವಳು ಆ ಮೈಯನ್ನು ಅನಾಥ ಮಗುವನ್ನು ಸವರುವಂತೆ ಸವರುತ್ತಾಳೆ. ತೆರೇಸಾ ಡಿ ಲಾರೆಟಿಸ್ 1994ರಲ್ಲಿ ಇಲ್ಲಿ ಕಂಡದ್ದು, ತನಗೆ ದಕ್ಕದ ಹೆಣ್ಣುಮೈಗಾಗಿ ಹಂಬಲಿಸುವ ಲೆಸ್ಬಿಯನ್ ಕಾಮನೆಯನ್ನು. ಪ್ರಾಸರ್ 1998ರಲ್ಲಿ ಕಂಡದ್ದು, ತನ್ನದೆನಿಸದ ಮೈಯೊಳಗೆ ಸಿಕ್ಕಿಬಿದ್ದ ಟ್ರಾನ್ಸ್ ಅನುಭವವನ್ನು. ಅದೇ ವರ್ಷ ಹಾಲ್ಬರ್‌ಸ್ಟಾಮ್, ಸ್ಟೀಫನ್‌ಳ ಗಂಡಸುತನ ಇರುವುದು ಅವಳ ಉಡುಪಿನಲ್ಲಿ, ಅವಳು ಒಪ್ಪದಿರುವುದು ಬೆತ್ತಲೆತನವನ್ನು ಎಂದರು. ಮೂವರೂ ಪಠ್ಯಕ್ಕೆ ನಿಷ್ಠರಾಗಿಯೇ ಓದಿದ್ದಾರೆ. ಇವರು ಒಂದೇ ಪುಸ್ತಕವನ್ನು ಓದಿದ್ದಾರೆಯೇ ಎಂಬ ನಿಮ್ಮ ಅನುಮಾನಕ್ಕೆ ನನ್ನ ಉತ್ತರ ಹೌದು, ಬಹುಮಟ್ಟಿಗೆ ಒಂದೇ ಪುಟವನ್ನು.

ಇದು ಸಾಧ್ಯವಾದದ್ದು ‘ಇನ್ವರ್ಟ್’ ಎಂಬ ಪದದಿಂದ. ಲೈಂಗಿಕ ವಿಜ್ಞಾನಿಗಳಾದ ಕ್ರಾಫ್ಟ್-ಎಬಿಂಗ್, ಹ್ಯಾವ್ಲಾಕ್ ಎಲಿಸ್ ಇವರ ಕಾಲದಲ್ಲಿ ಯಾರನ್ನು ಪ್ರೀತಿಸುತ್ತೀರಿ ಎಂಬುದೂ ನೀವು ಗಂಡೋ ಹೆಣ್ಣೋ ಎಂಬುದೂ ಎರಡು ಪ್ರಶ್ನೆಗಳಾಗಿರಲಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣಿನೊಳಗೆ ಗಂಡಿನ ಪ್ರಕೃತಿಯಿದೆ, ಅವಳ ಸ್ವಭಾವವೇ ತಿರುವುಮುರುವಾಗಿದೆ ಎಂದು ನಂಬಲಾಗಿತ್ತು. ಎಲಿಸ್ ಈ ಕಾದಂಬರಿಗೆ ಮೆಚ್ಚುನುಡಿಯನ್ನೂ ಬರೆದುಕೊಟ್ಟಿದ್ದರು. ನೀವು ‘ಸಲಿಂಗಿ’ ಎಂದರೆ ಪ್ರಾಸರ್ ಓದನ್ನು ಮೊದಲೇ ತಳ್ಳಿಹಾಕಿದಂತೆ; ‘ತೃತೀಯ ಲಿಂಗಿ’ ಎಂದರೆ ಬೆಳಗಿನ_ಮಳೆ ಅವರಂಥ ಓದುಗರ ಅರ್ಧ ಶತಮಾನದ ಅನುಭವವನ್ನು ಅಳಿಸಿದಂತೆ. ಸಂಸ್ಕೃತದ ‘ವಿಪರ್ಯಸ್ತ’ ಅರ್ಥಕ್ಕೆ ಹತ್ತಿರವಾಗಿದೆ. ಆದರೆ ಇಂದಿನ ಕನ್ನಡದಲ್ಲಿ ‘ವಿಪರ್ಯಾಸ’ ಎಂದರೆ ದೈವದ ಅಣಕ ಎಂಬ ಛಾಯೆ ಬಂದುಬಿಟ್ಟಿರುವುದರಿಂದ ಓದುಗರು ದಾರಿ ತಪ್ಪುತ್ತಾರೆ. ‘ಇನ್ವರ್ಟ್’ ಎಂದೇ ಇಟ್ಟು, ಮೊದಲ ಬಾರಿ ಬಂದಾಗ ಈ ಹಿನ್ನೆಲೆಯನ್ನು ಎರಡು ಸಾಲಿನಲ್ಲಿ ವಿವರಿಸಿ ಎಂಬುದು ನನ್ನ ಸಲಹೆ.

ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ಇಂಗ್ಲಿಷಿನಲ್ಲಿ ‘ಶೀ’ ಎಂಬುದು ಸರ್ವನಾಮದಲ್ಲಿ ಮಾತ್ರ ಕಾಣಿಸುತ್ತದೆ. ನಮ್ಮಲ್ಲಿ ನಿಂತಳು, ನೋಡಿದಳು, ದ್ವೇಷಿಸಿದಳು ಎಂದು ಪ್ರತಿ ಕ್ರಿಯಾಪದದ ತುದಿಯಲ್ಲೂ ಹೆಣ್ತನದ ಮುದ್ರೆ ಬೀಳುತ್ತದೆ. ಕನ್ನಡಿಯ ಪ್ರಸಂಗದಲ್ಲಿ ಅದು ಮೂಲದಲ್ಲಿಲ್ಲದಷ್ಟು ಭಾರವಾಗುತ್ತದೆ. ಹಾಲ್ ಉದ್ದಕ್ಕೂ ‘ಶೀ’ ಎಂದೇ ಬರೆದಿರುವುದರಿಂದ ‘ಅವಳು’ ಎಂಬುದನ್ನು ಬದಲಿಸುವ ಹಕ್ಕು ಅನುವಾದಕರಿಗಿಲ್ಲ. ಆದರೆ ನೋಡುತ್ತ, ಸವರುತ್ತ, ಮರುಗಿ ಎಂದು ಕೃದಂತಗಳಲ್ಲಿ ವಾಕ್ಯವನ್ನು ಸಾಗಿಸಿದರೆ ಆ ಮುದ್ರೆ ಅಷ್ಟು ಸಲ ಬೀಳುವುದು ತಪ್ಪುತ್ತದೆ.

ನಿಮ್ಮ ಪ್ರಬಂಧದಲ್ಲಿ ಇನ್ನೆರಡು ಓದುಗಳಿಗೆ ಜಾಗ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಲಾರಾ ಡೋನ್ 2001ರಲ್ಲಿ ತೋರಿಸಿದಂತೆ, 1920ರ ದಶಕದಲ್ಲಿ ಕತ್ತರಿಸಿದ ಕೂದಲು, ಗಂಡಸರ ಮಾದರಿಯ ಜಾಕೆಟ್ಟು ಫ್ಯಾಶನ್ ಆಗಿದ್ದವು. ಅದು ಲೆಸ್ಬಿಯನ್ ಎಂಬುದರ ಗುರುತಾದದ್ದು ಮೊಕದ್ದಮೆಯ ಸುತ್ತ ಹಾಲ್ ಅವರ ಭಾವಚಿತ್ರಗಳು ಹರಡಿದ ಮೇಲೆ. ಡಗ್ಲಸ್ ಇಡೀ ಇಂಗ್ಲೆಂಡಿನ ದನಿಯಾಗಿರಲಿಲ್ಲ ಎಂದೂ ಅವರು ವಾದಿಸಿದ್ದಾರೆ. ಮೇಷ್ಟ್ರು ಹೇಳಿದ ಆ ಮೂರು ವಾರಗಳು ಅದಕ್ಕೆ ಪುಷ್ಟಿ ಕೊಡುತ್ತವೆ. ಎರಡನೆಯದು ಹೆದರ್ ಲವ್ 2007ರಲ್ಲಿ ಬರೆದದ್ದು. ಈ ಕಾದಂಬರಿಯ ದುಃಖವನ್ನು ನಮ್ಮ ಹೆಮ್ಮೆಗೆ ಅಡ್ಡಿಯೆಂದು ಒರೆಸಿಹಾಕುವ ಆತುರ ಬೇಡ, ಆ ಒಂಟಿತನ ನಿಜವಾದ ಒಂಟಿತನ ಎಂದು ಅವರು ಹೇಳುತ್ತಾರೆ. ಎಂಬತ್ತರ ದಶಕದಲ್ಲಿ ಯಾರೂ ಕೇಳಿಸಿಕೊಳ್ಳಲು ಸಿದ್ಧವಿರದಿದ್ದ ಮಾತು ಇದು. ಪ್ಯಾರಿಸ್ಸಿನಲ್ಲಿ ಹಾಡುವ ಇಬ್ಬರು ಕಪ್ಪು ಸಹೋದರರನ್ನು ನಿರೂಪಕಿ ವರ್ಣಿಸುವ ರೀತಿಯನ್ನೂ ಮರೆಯಬೇಡಿ. ತಿರಸ್ಕೃತರ ಪರವಾಗಿ ಬರೆದ ಪುಸ್ತಕವೇ ಅಲ್ಲಿ ಬೇರೊಬ್ಬ ತಿರಸ್ಕೃತನನ್ನು ಮೃಗಕ್ಕೆ ಹೋಲಿಸುತ್ತದೆ.

ಶರಾವತಿ_ಓದುಗಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ‘ಸಲಿಂಗಿ’ಯನ್ನು ಹೊಡೆದುಹಾಕಿ ‘ಇನ್ವರ್ಟ್’ ಎಂದು ಬರೆದಿದ್ದೇನೆ. ಕನ್ನಡಿಯ ಪ್ರಸಂಗವನ್ನು ನಿನ್ನೆ ರಾತ್ರಿ ಅನುವಾದಿಸಿದೆ. ಕೃದಂತಗಳಲ್ಲಿ ಸಾಗಿಸಿದಾಗ ದ್ವೇಷದಿಂದ ಮರುಕಕ್ಕೆ ತಿರುಗುವ ಜಾಗದಲ್ಲಿ ವಾಕ್ಯ ಎಲ್ಲಿಯೂ ಕಡಿಯಲಿಲ್ಲ; ಮೂಲದಲ್ಲಿಯೂ ಅದು ಅರ್ಧವಿರಾಮಗಳಲ್ಲಿ ಹಾಗೆಯೇ ಹರಿಯುತ್ತದೆ ಎಂಬುದನ್ನು ಆಗ ಗಮನಿಸಿದೆ.

ಅನುವಾದಿಸುವಾಗ ಇನ್ನೊಂದು ಸಂಗತಿ ಕಂಡಿತು. ಕಡೆಯ ಪುಟದಲ್ಲಿ ಮೇರಿ ಹೊರಟುಹೋದ ಮೇಲೆ ಕೋಣೆಯ ತುಂಬ ಸತ್ತವರೂ ಬದುಕಿರುವವರೂ ಇನ್ನೂ ಹುಟ್ಟದವರೂ ಕಿಕ್ಕಿರಿದು ಬಂದಂತೆ ಸ್ಟೀಫನ್‌ಗೆ ಅನ್ನಿಸುತ್ತದೆ. ಅವರೆಲ್ಲರ ದನಿ ಅವಳ ಒಂದೇ ದನಿಯಾಗಿ ದೇವರನ್ನು ಬೇಡುತ್ತದೆ. ‘ನಮಗೂ ನಮ್ಮ ಇರವಿನ ಹಕ್ಕನ್ನು ಕೊಡು’ ಎಂದು ಬರೆದಿದ್ದೇನೆ. ಉತ್ತಮ ಪುರುಷದಲ್ಲಿರುವುದರಿಂದ ಇಲ್ಲಿ ಗಂಡುಹೆಣ್ಣಿನ ಮುದ್ರೆ ಕನ್ನಡದಲ್ಲಿ ಬೀಳುವುದೇ ಇಲ್ಲ. ‘ಇರವು’ ಸಾಕೋ, ‘ಬದುಕು’ ಎನ್ನಬೇಕೋ ಎಂದು ಇನ್ನೂ ಹೊಯ್ದಾಡುತ್ತಿದ್ದೇನೆ. ಬೆಳಗಿನ_ಮಳೆ ಅವರೇ, ಗ್ರಂಥಾಲಯದ ಪ್ರಸಂಗವನ್ನು ಭಾನುವಾರದೊಳಗೆ ಮುಗಿಸುತ್ತೇನೆ. ಮಾರ್ಗದರ್ಶಕರಿಗೆ ಕೊಡುವ ಮುಂಚೆ ಅದನ್ನು ಒಮ್ಮೆ ನೀವು ಓದಿಕೊಡುತ್ತೀರಾ? ಪಡಲ್ ಅವರ ಮಾತು ನನ್ನ ಕನ್ನಡದಲ್ಲಿ ಪಾಠದಂತೆ ಕೇಳಿಸುತ್ತಿದೆ. ಅದು ಹಾಗೆ ಕೇಳಿಸಬಾರದು.